ತಂತಿಯ ಬುಡದ ಬಟ್ಟೆ

ರಾಯಚೂರಿನ ಆ ಗಿಟಾರ್ ರಿಪೇರಿಯವರ ಹತ್ತಿರ ಹೋದರೆ ತಲೆ ಕೆಡುತ್ತಿತ್ತು. ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ತಡಿಯವ್ವಾ, ಮೊದಲ ಕೇಳೋಣು" ಎನ್ನುತ್ತಿದ್ದರು.

ತಮ್ಮ ತೀರಿಕೊಂಡ ಮೇಲೆ ಅವನ ಎಲೆಕ್ಟ್ರಿಕ್ ಗಿಟಾರನ್ನು ಮಾನ್ವಿಯಿಂದ ಅವರ ಬಳಿಗೆ ಒಯ್ದಿದ್ದೆ. ಅವನು ನುಡಿಸುವಾಗಿನ ಮಂದ ದನಿ ಅದರಲ್ಲಿ ಮತ್ತೆ ಬರಬೇಕಿತ್ತು. ಮೂರು ಸಲ ಬಸ್ಸು ಹತ್ತಿದೆ. ಅವರು ತಂತಿಗಳ ಕೆಳಗೆ ದನಿ ಹಿಡಿಯುವ ಪಿಕಪ್ ಬಿಚ್ಚಿದರು, ಆಂಪ್ಲಿಫೈಯರ್ ಬದಲಿಸಿದರು. ಪ್ರತಿ ಸಲವೂ ಅದೇ ಕಿರುಚುವ ದನಿ.

"ಹೊಸಾ ಪಿಕಪ್ಪಾದ್ರೂ ಹಾಕ್ರಿ, ಸಾಕಾಗ್ಯದ!" ಎಂದು ರೇಗಿದೆ.

"ತಡಿಯವ್ವಾ, ಮೊದಲ ಕೇಳೋಣು. ಮನ್ಯಾಗ ಇದಕ್ಕ ಏನರ ಮಾಡಿದ್ಯಾ?"

"ಏನಿಲ್ರಿ. ಸೂತಕ ಕಳೆದ ದಿನ ಎಲ್ಲಾ ಸಾಮಾನಿನ ಜೋಡಿ ಇದನ್ನೂ ಒರೆಸಿದೆ. ತಂತಿ ಬುಡಕ ಹೊಲಸು ಬಟ್ಟಿ ತುರುಕಿದ್ದ, ತೆಗೆದು ಹೊರಗ ಒಗದೆ."

"ಅಯ್ಯ, ಅದನ್ನ ಮೊದಲ ಹೇಳಬಾರದೇನು! ಮೂರು ಸಲ ನನ್ನ ಜೀವಾ ತಿಂದಿ."

ಅವರು ತಮ್ಮದೇ ಟವೆಲ್ಲಿನ ಅಂಚು ಹರಿದು ತಂತಿಗಳ ಬುಡಕ್ಕೆ ತುರುಕಿ ಮೀಟಿದರು. ದನಿ ಮಂದವಾಯಿತು.

"ಬಂತೇನು?"

"ಬಂತ್ರಿ. ಆದ್ರ ಅವನು ಬಾರಿಸಿದಂಗ ಇಲ್ಲ."

ಅವರು ಕನ್ನಡಕವನ್ನು ಕೆಳಗಿಳಿಸಿಕೊಂಡರು. ತಡಿ ಎನ್ನಲಿಲ್ಲ.

"ಉಳಿದದ್ದು ಅವನ ಕೈಯಾಗ ಇತ್ತು" ಎಂದು ಗಿಟಾರಿನ ಚೀಲದ ಜಿಪ್ ಎಳೆದರು.