ನೀರು ಕಂಡ ಹಾರ್ಡ್ ಡಿಸ್ಕು

ಗೋಡೆ ಕಟ್ಟುವ ಗೌಂಡಿಯ ಮನೆಯಲ್ಲಿ ಡಿಗ್ರಿ ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ಕೂಲಿಗಳನ್ನು ನಡೆಸುವ ಮುಕಾದಮ ಸಾಯಬಣ್ಣ. ಪುಣೆಯ ಭೋಸರಿಯಲ್ಲಿ ಏಳುತ್ತಿದ್ದ ಒಂದು ಕಟ್ಟಡದ ಬುಡದಲ್ಲಿ, ಸಿಮೆಂಟಿನ ಚೀಲದ ಮೇಲೆ ಕುಳಿತು, ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಅಪ್ಪನಿಗೆ ಹೇಳಿದ: “ಮಲ್ಲಪ್ಪ, ನಮ್ಮ ಮಂದ್ಯಾಗ ಡಿಗ್ರಿ ಅಂದ್ರ ಬರೇ ಉಸುಕಿನಾಗ ಕಟ್ಟಿದ ಗ್ವಾಡಿ ಇದ್ದಂಗ. ಏಳೂತನಾ ಚಂದ ಕಾಣತದ, ಆಮ್ಯಾಲ ಕುಸೀತದ. ಹುಡುಗೀನ ಕೆಲಸಕ್ಕ ಹಚ್ಚು.” ಅಪ್ಪ ಕರಣಿಯಿಂದ ಗಾರೆ ಬಳಿಯುತ್ತಲೇ ಇದ್ದ. ಕೈಯಲ್ಲಿ ಕರಣಿ ಇದ್ದಾಗ ಅವನು ಯಾರಿಗೂ ಉತ್ತರ ಕೊಟ್ಟವನಲ್ಲ. ಮುಕಾದಮನ ಮೇಲೆ ನನಗೆ ಸಿಟ್ಟೇನೂ ಇಲ್ಲ. ತಾನು ಕಂಡದ್ದನ್ನು ಅವನು ಹೇಳಿದ್ದ. ಯಾದಗಿರಿ ಕಡೆಯಿಂದ ಪುಣೆಗೆ ದುಡಿಯಲು ಬಂದ ನಮ್ಮಂಥ ಮನೆಗಳಲ್ಲಿ ಅವನು ಬೇರೆಯದನ್ನು ಕಂಡೇ ಇರಲಿಲ್ಲ.

ಈ ಮಾತು ನನಗೆ ಮೊನ್ನೆ ನೆನಪಾದದ್ದು ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಹೊಸ ಬಿಡಿಭಾಗದ ಡಬ್ಬಿ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬಹುದು. ಸ್ವಲ್ಪ ಪ್ಲಾಸ್ಟಿಕ್ಕು, ಸ್ವಲ್ಪ ಬಣ್ಣ, ಸ್ವಲ್ಪ ಯಾರೂ ಮುಟ್ಟದ ಲೋಹ. ಆ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡು ನಿಂತಿದ್ದೆ. ಗೇಮಿಂಗ್ ಕಂಪ್ಯೂಟರ್ ಕಟ್ಟಿಸಲು ಹೋಗಿದ್ದೆ. ಅಂಗಡಿಯವನು ಮರಾಠಿಯಲ್ಲಿ, “ಮಗನಿಗೇನು ಮೇಡಂ?” ಎಂದು ಕೇಳಿದ. ನನಗೆ ಎಂದೆ. “ಆಫೀಸಿನ ಕೆಲಸಕ್ಕಾ?” ಅಂದ. ಆಡಲಿಕ್ಕೆ ಎಂದೆ. ಅವನು ವಯಸ್ಸಿಗೆ ಮೊದಲೇ ನೆರೆತ ನನ್ನ ಕೂದಲನ್ನೊಮ್ಮೆ, ಕೊರಳಲ್ಲಿದ್ದ ಚಾಕಣದ ಫ್ಯಾಕ್ಟರಿಯ ಗುರುತಿನ ಚೀಟಿಯನ್ನೊಮ್ಮೆ ನೋಡಿ, ವ್ಯಾಪಾರ ವ್ಯಾಪಾರವೇ ಎಂದು ತೀರ್ಮಾನಿಸಿದವನಂತೆ ಡಬ್ಬಿಗಳನ್ನು ಇಳಿಸತೊಡಗಿದ.

ಇಂಥ ಅಂಗಡಿಗೆ ಬಂದವರೆಲ್ಲ ಮೊದಲು ಕೇಳುವುದು ಗ್ರಾಫಿಕ್ಸ್ ಕಾರ್ಡನ್ನು. ಆಮೇಲೆ ಪ್ರೊಸೆಸರ್, ಆಮೇಲೆ ಕ್ಯಾಬಿನೆಟ್ಟಿಗೆ ಎಷ್ಟು ಬಣ್ಣದ ದೀಪ. ಎಲ್ಲ ಮುಗಿದು ಏನಾದರೂ ಉಳಿದರೆ ಸ್ಟೋರೇಜ್ ಡ್ರೈವ್. ಮನೆ ಕಟ್ಟಿಸುವವರೂ ಹೀಗೇ, ಬಂದವರೇ ಟೈಲ್ಸಿನ ಬಣ್ಣ ಕೇಳುತ್ತಾರೆ, ಪಾಯದ ಆಳ ಕೇಳುವವರನ್ನು ತಾನು ಕಂಡಿಲ್ಲ ಎಂದು ಅಪ್ಪ ಹೇಳುತ್ತಿದ್ದ. ನಾನು ಡ್ರೈವಿನಿಂದ ಶುರು ಮಾಡಿದೆ. ಆಟಗಳಿಗೆ ಮತ್ತು ವಿಂಡೋಸಿಗೆ, ಚೂಯಿಂಗ್ ಗಮ್ಮಿನ ಪಟ್ಟಿಯಷ್ಟೇ ಇರುವ ವೇಗದ ಎಸ್‌ಎಸ್‌ಡಿ ಒಂದು. ಕಾಗದಪತ್ರ, ಫೋಟೊಗಳಿಗೆ ಹಳೆಯ ಬಗೆಯ, ಒಳಗೆ ತಟ್ಟೆ ತಿರುಗುವ ದೊಡ್ಡ ಹಾರ್ಡ್ ಡಿಸ್ಕು ಒಂದು. ಅದರ ಪ್ರತಿಗೆ ಅಂಥದ್ದೇ ಇನ್ನೊಂದು, ಅದನ್ನು ಕಂಪ್ಯೂಟರಿನ ಹೊರಗೆ, ಬೇರೆ ಕೋಣೆಯಲ್ಲಿ ಇಡುವಂಥದ್ದು.

“ಆಟ ಆಡೋರಿಗೆ ಮೂರು ಯಾಕೆ ಮೇಡಂ?” ಎಂದ ಅಂಗಡಿಯವನು.

“ನಮ್ಮ ಮನೆಯ ಪದ್ಧತಿ” ಎಂದೆ.

ಪವರ್ ಸಪ್ಲೈ ಆರಿಸುವಾಗ ಎರಡನ್ನು ಎರಡು ಕೈಯಲ್ಲಿ ಎತ್ತಿ ತೂಗಿ ನೋಡಿದೆ. ಅಪ್ಪ ಇಟ್ಟಿಗೆಯನ್ನು ಹಾಗೆ ನೋಡುತ್ತಿದ್ದ. ಭಾರವಾದದ್ದನ್ನು ತೆಗೆದಿಟ್ಟೆ. ಡಬ್ಬಿಯ ಮೇಲೆ ಬರೆದದ್ದನ್ನೂ ಓದಿದೆ ಅನ್ನಿ, ಓದಿ ಬಂದ ಬುದ್ಧಿಯೂ ಇರಲಿ ಎಂದು. ಕೊನೆಗೆ ಪ್ರೊಸೆಸರನ್ನು ತಂಪಾಗಿಡುವ ಮಾತು ಬಂತು. ಅಂಗಡಿಯವನು ಎರಡು ಕರಿಯ ನಳಿಗೆಗಳಿದ್ದ ಒಂದು ಸಾಮಾನನ್ನು ಹೆಮ್ಮೆಯಿಂದ ಎದುರಿಗಿಟ್ಟ. “ಈಗ ಎಲ್ಲರೂ ಇದನ್ನೇ ಒಯ್ಯುತ್ತಾರೆ. ಫ್ಯಾನಿನ ಕಾಲ ಮುಗೀತು. ಕಂಪ್ಯೂಟರಿನ ಒಳಗೇ ನೀರು ಓಡಾಡ್ತದೆ.”

ನನಗೆ ನಗು ತಡೆಯಲಾಗಲಿಲ್ಲ. ಕಂಪ್ಯೂಟರಿನ ಒಳಗೆ ನೀರು ಓಡಾಡಿಸುವ ಕೆಲಸವನ್ನು ನಮ್ಮ ಅವ್ವ ಹನ್ನೆರಡು ವರ್ಷಗಳ ಹಿಂದೆಯೇ ಮಾಡಿದ್ದಳು.

ಆಗ ನಾವು ಭೋಸರಿಯಲ್ಲಿ ತಗಡಿನ ಮಾಡಿನ ಒಂದೇ ಕೋಣೆಯಲ್ಲಿದ್ದೆವು. ನಾನು ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ನನ್ನ ಪ್ರಾಜೆಕ್ಟು ಉಸುಕು ಸೋಸುವ ಯಂತ್ರದ್ದು. ಅವ್ವ ದಿನವಿಡೀ ಜರಡಿ ಹಿಡಿದು ಉಸುಕು ಸೋಸುವುದನ್ನು ನೋಡಿ ಬೆಳೆದವಳಿಗೆ ಬೇರೆ ವಿಷಯ ಹುಡುಕಬೇಕೆನಿಸಲಿಲ್ಲ. ಅದರ ನಕ್ಷೆಗಳನ್ನು ಬರೆಯಲು ಕಂಪ್ಯೂಟರ್ ಬೇಕಿತ್ತು. ಸದಾಶಿವ ಪೇಠದ ಒಬ್ಬ ಹುಡುಗ ಹೊಸ ಗೇಮಿಂಗ್ ಕಂಪ್ಯೂಟರ್ ಕೊಂಡು, ಹಳೆಯದನ್ನು ಮಾರಲು ತೆಗೆದಿದ್ದ. ಅದನ್ನೇ ತಂದೆವು. ಮುಂದೆ ಕೆಂಪು ದೀಪದ ಫ್ಯಾನು, ಬಗಲಲ್ಲಿ ಒಂದು ಸೀಳು, ಒಳಗೆ ಅವನು ಅಳಿಸಲು ಮರೆತ ಒಂದು ಕಾರ್ ರೇಸಿನ ಆಟ.

ಆ ಆಟದ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಆಗಿನ್ನೂ ಕಾರಿನಲ್ಲಿ ಕುಳಿತವಳಲ್ಲ. ಟೆಂಪೋ, ಟ್ರ್ಯಾಕ್ಟರು, ಸಿಮೆಂಟಿನ ಲಾರಿ ಎಲ್ಲ ಹತ್ತಿದ್ದೆ, ಕಾರು ಮಾತ್ರ ಇಲ್ಲ. ಪರದೆಯ ಮೇಲೆ ನಾನು ಸಮುದ್ರದ ದಂಡೆಯ ರಸ್ತೆಯಲ್ಲಿ ಕೆಂಪು ಕಾರು ಓಡಿಸುತ್ತಿದ್ದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಮೆಲ್ಲಕ ಹೊಡಿಯವ್ವಾ, ಯಾರಿಗ್ಯಾರ ಬಡೀತಿ” ಎನ್ನುತ್ತಿದ್ದಳು. ಹದಿನೆಂಟು ರೇಸುಗಳಲ್ಲಿ ಹದಿನೇಳನ್ನು ಗೆದ್ದಿದ್ದೆ. ಕೊನೆಯದಕ್ಕೆ ಬೇರೆ ಕಾರು ಬೇಕಿತ್ತು. ಆ ಕಾರಿನ ಫೈಲು ಕಾಲೇಜಿನ ಗೆಳತಿಯ ಹತ್ತಿರ ಇತ್ತು.

ಆ ವರ್ಷ ಆಯುಧಪೂಜೆ, ನಮ್ಮ ಕಡೆಯ ಖಂಡೆಪೂಜೆ, ಬಂದಾಗ ಪ್ರಾಜೆಕ್ಟು ಒಪ್ಪಿಸಲು ಹನ್ನೆರಡು ದಿನ ಉಳಿದಿತ್ತು. ತಪ್ಪಿದರೆ ಆ ವರ್ಷ ಹೋಯಿತು. ವರ್ಷ ಹೋದರೆ ಮುಂದಿನ ವರ್ಷದ ಫೀಸಿನ ಪ್ರಶ್ನೆ ಬರುತ್ತಿತ್ತು, ಮುಕಾದಮನ ಮಾತು ನಿಜವಾಗುತ್ತಿತ್ತು. ಅಂದು ಕಾಲೇಜಿಗೆ ಹೋಗಿ ಮಧ್ಯಾಹ್ನ ಮನೆಗೆ ಬಂದೆ. ಅಂಗಳದಲ್ಲಿ ಅಪ್ಪನ ಸಾಮಾನುಗಳೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿಸಿಕೊಂಡು ಬಿಸಿಲಿಗೆ ಹೊಳೆಯುತ್ತಿದ್ದವು. ಕರಣಿ, ಸುತ್ತಿಗೆ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ದಾರದ ಗುಂಡು, ಅವ್ವನ ಬುಟ್ಟಿ, ಜರಡಿ. ಆ ಸಾಲಿನ ಕೊನೆಯಲ್ಲಿ ನನ್ನ ಕಂಪ್ಯೂಟರ್. ತಗಡಿನ ಶಾಖಕ್ಕೆ ಕಾಯುತ್ತದೆಂದು ನಾನೇ ಅದರ ಬಗಲಿನ ಮುಚ್ಚಳ ತೆಗೆದಿಟ್ಟಿದ್ದೆ. ತೆರೆದ ಬಗಲಿನಿಂದ ಹನಿ ಹನಿಯಾಗಿ ನೀರು ಇಳಿಯುತ್ತಿತ್ತು. ನೆತ್ತಿಯ ಮೇಲೆ ಕುಂಕುಮ, ಒಂದು ಚೆಂಡು ಹೂವು.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ.

“ಯಾಕ ಒದರತೀ?” ಎಂದಳು ಅವ್ವ. “ದುಡಿಯೂ ಸಾಮಾನ ಎಲ್ಲಾ ತೊಳದೆ. ನಿಂದೊಂದ ಧೂಳ ಹಿಡದ ಕುಂತಿತ್ತು. ಅದನ್ನೊಂದ ಬಿಟ್ರ ಅದಕ್ಕ ಬ್ಯಾಸರ ಆಗಂಗಿಲ್ಲೇನ?”

“ಅವ್ವಾ, ಅದು ಕರೆಂಟಿಂದು!”

“ಪಿನ್ ತಗದೇ ತೊಳದೀನಿ. ನಾ ಏನ ಹುಚ್ಚೀನ?”

ಈಗ ಯೋಚಿಸಿದರೆ ಅವಳ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ದುಡಿಯುವ ಸಾಮಾನನ್ನು ತೊಳೆದು ಪೂಜಿಸಬೇಕು. ಇದು ದುಡಿಯುವ ಸಾಮಾನು. ಆದ್ದರಿಂದ ತೊಳೆದಳು. ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ ನಾನು ಮುಂದೆ ಮಾಡಹೊರಟಿದ್ದೇ ನಿಜವಾದ ಮೂರ್ಖತನ. ನಡೆಯುತ್ತದೋ ಇಲ್ಲವೋ ನೋಡೋಣ ಎಂದು ಆ ಹಸಿ ಕಂಪ್ಯೂಟರಿನ ಪಿನ್ನನ್ನು ಹಿಡಿದು ಗೋಡೆಯ ಕಡೆ ನಡೆದಿದ್ದೆ. ಅಪ್ಪ ನನ್ನ ಮುಂಗೈ ಹಿಡಿದ.

“ಹಸಿ ಗ್ವಾಡಿಗಿ ಬಣ್ಣ ಹಚ್ಚತಾರೇನ? ನಿನ್ನ ಬರವಣಿಗಿ ಎಲ್ಲಾ ಯಾವ ಭಾಗದಾಗ ಅದ, ಅಷ್ಟ ಬಿಚ್ಚು.”

ಹಾರ್ಡ್ ಡಿಸ್ಕನ್ನು ಬಿಚ್ಚಿ ಕೊಟ್ಟೆ. ಅಪ್ಪ ಅದನ್ನು ಒರೆಸಿ, ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಮೂರು ಸುತ್ತು ಸುತ್ತಿದ. ಇನ್ನೂ ನೀರು ಕಾಣದ ಸುಣ್ಣದ ಕಲ್ಲುಗಳನ್ನು ಒಂದು ಡಬ್ಬಿಯ ತಳಕ್ಕೆ ಹಾಕಿ, ಮೇಲೆ ದಪ್ಪ ರಟ್ಟು ಇಟ್ಟು, ರಟ್ಟಿನ ಮೇಲೆ ಗಂಟು ಇಟ್ಟು, ಮುಚ್ಚಳ ಬಿಗಿದ. ಸುಣ್ಣದಷ್ಟು ನೀರಡಿಕೆ ಯಾವುದಕ್ಕೂ ಇಲ್ಲ, ಗಾಳಿಯಲ್ಲಿದ್ದ ತೇವವನ್ನೂ ಕುಡಿಯುತ್ತದೆ ಎಂದ. “ಎಂಟ ದಿನ ಮುಟ್ಟಬ್ಯಾಡ.”

“ಅಪ್ಪಾ, ಇರೋದೇ ಹನ್ನೆರಡ ದಿನ.”

“ಎಂಟ ಹೋದ್ರ ನಾಕ ಉಳೀತಾವಲ್ಲ.”

ಅಂಥ ಲೆಕ್ಕದೆದುರು ಏನು ಹೇಳುವುದು? ಕಾಲೇಜಿನ ಸರ್ ಕೇಳಿದ್ದು ಒಂದೇ ಪ್ರಶ್ನೆ: “ಇನ್ನೊಂದು ಪ್ರತಿ ಎಲ್ಲಿದೆ?” ಇಲ್ಲ ಎಂದೆ. ಆ ಎಂಟು ದಿನ ಕಾಲೇಜಿನಲ್ಲಿ ಕುಳಿತು ನೆನಪಿದ್ದ ನಕ್ಷೆಗಳನ್ನು ಪೆನ್ಸಿಲಿನಿಂದ ಬರೆದೆ. ನಾಲ್ಕು ತಿಂಗಳ ಕೆಲಸದಲ್ಲಿ ನೆನಪಿದ್ದದ್ದು ಬಹಳ ಕಡಿಮೆ. ಮನೆಯಲ್ಲಿ ಅವ್ವ ಡಬ್ಬಿಯ ಪಕ್ಕದಲ್ಲಿ ನಡೆಯುವಾಗ ಸೀರೆಯ ನಿರಿಗೆ ಎತ್ತಿ ಹಿಡಿದು ನಡೆಯುತ್ತಿದ್ದಳು. ನೀರಿನ ಕೊಡವನ್ನು ಹೊರಗೇ ಇಟ್ಟಳು. ಬೈದಿದ್ದರೆ ಬೈಯಿಸಿಕೊಳ್ಳುತ್ತಿದ್ದಳು. ನಾನು ಬೈಯಲಿಲ್ಲ, ಮಾತನ್ನೇ ಬಿಟ್ಟೆ. ಅದು ಬೈಗುಳಕ್ಕಿಂತ ಕೆಟ್ಟದ್ದೆಂದು ಆಗ ತಿಳಿದಿರಲಿಲ್ಲ.

ಒಂಬತ್ತನೆಯ ದಿನ ಡಿಸ್ಕನ್ನು ಗೆಳತಿಯ ಕಂಪ್ಯೂಟರಿಗೆ ಜೋಡಿಸಿದೆವು. ಅದು ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಆಮೇಲೆ ತಿರುಗಿತು. ಫೈಲುಗಳೆಲ್ಲ ಇದ್ದವು. ಉಳಿದ ಕಂಪ್ಯೂಟರ್ ಮತ್ತೆ ಏಳಲಿಲ್ಲ. ಅದರ ಪವರ್ ಸಪ್ಲೈ ಟಪ್ಪೆಂದು ಒಂದು ಸದ್ದು ಮಾಡಿ ತೀರಿಕೊಂಡಿತು. ಹನ್ನೊಂದನೆಯ ದಿನ ಪ್ರಾಜೆಕ್ಟು ಒಪ್ಪಿಸಿದೆ. ಡಿಗ್ರಿ ಆಯಿತು. ನಮ್ಮ ಮನೆತನದಲ್ಲಿ ನಾನೇ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸರ್ಟಿಫಿಕೇಟು ಮನೆಗೆ ಬಂದ ದಿನ ಅವ್ವ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸೀದಾ ಮುಕಾದಮನ ಎದುರಿಗೆ ಹಿಡಿದಳು. “ಇದು ಖರೇದೇನವಾ?” ಎಂದ ಸಾಯಬಣ್ಣ. “ಯುನಿವರ್ಸಿಟಿ ಸಿಕ್ಕಾ ನೋಡ್ರಿ, ಮುಟ್ಟಬ್ಯಾಡ್ರಿ” ಎಂದಳು. ಆಮೇಲೆ ಅದನ್ನು ತನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟು ಕೀಲಿ ಹಾಕಿದವಳು ನನ್ನ ಕೈಗೂ ಕೊಡಲಿಲ್ಲ. ಚಾಕಣದಲ್ಲಿ ನೌಕರಿಗೆ ಸೇರುವ ದಿನ ಮೂಲಪ್ರತಿ ಬೇಕು ಎಂದಾಗ, ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ನನ್ನ ಜೊತೆಗೇ ಬಂದಳು. ಸಾಹೇಬರು ನೋಡುವ ತನಕ ಮೇಜಿನ ಅಂಚು ಹಿಡಿದು ನಿಂತಿದ್ದು, ಮಡಿಲಿಗೆ ಹಾಕಿಕೊಂಡು ತಿರುಗಿ ಹೋದಳು. ಮತ್ತು ಆ ಖಂಡೆಪೂಜೆಯ ಮೇಲೆ ಕರೆಂಟಿನ ಯಾವ ಸಾಮಾನನ್ನೂ ಅವಳು ಮುಟ್ಟಲಿಲ್ಲ. ಈಗ ನಾವಿರುವ ಫ್ಲ್ಯಾಟಿನಲ್ಲಿ ಮಿಕ್ಸರ್ ಇದೆ, ಅವಳು ಒರಳಲ್ಲೇ ಅರೆಯುತ್ತಾಳೆ. ಟಿವಿಯ ರಿಮೋಟನ್ನೂ ಅಪ್ಪನೇ ಒತ್ತಬೇಕು. “ನಾ ಒಲ್ಲೆ, ನನ್ನ ಕೈ ಛಲೋದಲ್ಲ” ಎನ್ನುತ್ತಾಳೆ. ನಾವು ನಗುತ್ತೇವೆ. ಹನ್ನೆರಡು ವರ್ಷ ನಕ್ಕಿದ್ದೇವೆ.

ನಾನು ಈವರೆಗೆ ನಿಮಗೂ ಒಂದು ಮಾತು ಹೇಳಿಲ್ಲ. ಇನ್ನೊಂದು ಪ್ರತಿ ಇತ್ತು. ಪ್ರಾಜೆಕ್ಟಿನ ಅಷ್ಟೂ ಕೆಲಸ ನನ್ನ ಪೆನ್ ಡ್ರೈವಿನಲ್ಲಿ ಇತ್ತು. ಖಂಡೆಪೂಜೆಯ ದಿನ ಕಾಲೇಜಿಗೆ ಹೋದದ್ದೇ ಗೆಳತಿಯಿಂದ ಆ ಹದಿನೆಂಟನೆಯ ರೇಸಿನ ಕಾರು ತರಲು. ಫೈಲು ದೊಡ್ಡದು, ಪೆನ್ ಡ್ರೈವಿನಲ್ಲಿ ಜಾಗ ಸಾಲಲಿಲ್ಲ. ಮನೆಯಲ್ಲಿ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಪ್ರಾಜೆಕ್ಟನ್ನು ಅಳಿಸಿ ಕಾರನ್ನು ತುಂಬಿಕೊಂಡು ಬಂದೆ. ಅಂಗಳದಲ್ಲಿ ನಿಂತು ಕಿರುಚುವಾಗ ಆ ಕಾರು ನನ್ನ ಚೀಲದಲ್ಲೇ ಇತ್ತು.

ಅಂಗಡಿಯವನ ನೀರಿನ ನಳಿಗೆ ನೋಡಿ ಮೊದಲು ನಕ್ಕವಳಿಗೆ ಆಮೇಲೆ ನಗು ಬರಲಿಲ್ಲ. ಫ್ಯಾನಿನದ್ದೇ ಕೊಡು ಎಂದು ಹೇಳಿ, ಡಬ್ಬಿಗಳನ್ನೆಲ್ಲ ರಿಕ್ಷಾದಲ್ಲಿ ಹೇರಿಕೊಂಡು ಮನೆಗೆ ಬಂದೆ. ಒಂದೊಂದನ್ನೇ ಜೋಡಿಸಿದೆ. ಅವ್ವ ನನ್ನ ಕೋಣೆಯ ಬಾಗಿಲ ಹೊರಗೆ, ಹೊಸ್ತಿಲಿನಿಂದ ಒಂದು ಮಾರು ದೂರ, ಕುಳಿತು ನೋಡುತ್ತಿದ್ದಳು.

“ಈಗ ಕಂಪ್ಯೂಟರಿನಾಗ ಬೇಕಂತನ ನೀರ ಬಿಡತಾರಂತವ್ವಾ, ತಂಪಿಗಿ” ಎಂದೆ.

“ಹಂಗಾರ ನಾ ಮಾಡಿದ್ದು ಮುಂದಿನ ಕಾಲದ್ದು” ಎಂದಳು. ನಗಲಿಲ್ಲ.

ಆಗ ಹೇಳಿಬಿಟ್ಟೆ. ಪೆನ್ ಡ್ರೈವು, ಕಾರು, ಅಳಿಸಿದ್ದು, ಎಲ್ಲ. ಸ್ಕ್ರೂಡ್ರೈವರನ್ನು ಕೈಯಲ್ಲಿ ತಿರುಗಿಸುತ್ತ, ಅವಳ ಮುಖ ನೋಡದೆ ಹೇಳಿದೆ.

“ಅಂದ್ರ ಇಷ್ಟ ವರ್ಷ ನಾ ಒಬ್ಬಾಕೀನ ಕಳ್ಳಿ ಆಗಿ ಕುಂತಿದ್ನೇನ?”

ಅಪ್ಪ ಟಿವಿಯ ಸದ್ದು ಕಡಿಮೆ ಮಾಡಿದ. ಅವ್ವ ಎದ್ದು ತನ್ನ ಕೋಣೆಗೆ ಹೋದಳು. ಟ್ರಂಕಿನ ಕೀಲಿಯ ಸದ್ದು ಕೇಳಿತು. ಅದೇ ಪ್ಲಾಸ್ಟಿಕ್ ಚೀಲ ಹಿಡಿದು ಬಂದು, ಹೊಸ್ತಿಲು ದಾಟಿ, ಕಂಪ್ಯೂಟರಿನ ಗಾಜಿನ ಬಗಲಿಗೆ ಒಂದು ಕೈ ಊರಿ ನನ್ನ ಪಕ್ಕದಲ್ಲಿ ಕುಳಿತಳು. ಸರ್ಟಿಫಿಕೇಟನ್ನು ಹೊರಗೆ ತೆಗೆದು ಮೊದಲ ಸಲ ನನ್ನ ಕೈಗೆ ಕೊಟ್ಟಳು.

“ತಗೋ. ಇಷ್ಟ ದಿನ ನಾ ಕಾದೆ, ಇನ್ನ ನೀ ಕಾಯಿ. ಫೋಟೊ ತಗದ ಈ ಕಂಪ್ಯೂಟರಿನಾಗ ತುಂಬಿ ಇಡು. ಒಂದರಾಗ ಇಡಬ್ಯಾಡ, ಎರಡರಾಗ ಇಡು.”