ನನ್ನದು ಮಾಮೂಲಿ ಶುಗರ್ ಅಲ್ಲ

ಹೊಸ ತಿಪ್ಪಸಂದ್ರದಲ್ಲಿ ನನ್ನಷ್ಟು ಸಲೀಸಾಗಿ ಸುಳ್ಳು ಹೇಳುವವರು ಇನ್ನೊಬ್ಬರಿಲ್ಲ. ಕಾರ್ಖಾನೆಯಲ್ಲಿದ್ದಾಗ ಕ್ಯಾಂಟೀನಿನಲ್ಲಿ ಇವತ್ತು ಬಿರಿಯಾನಿ ಎಂದು ಸುದ್ದಿ ಹಬ್ಬಿಸಿ, ಇಡೀ ಶಿಫ್ಟನ್ನು ಉಪ್ಪಿಟ್ಟಿಗೆ ಕ್ಯೂ ನಿಲ್ಲಿಸಿದವನು ನಾನು. ಹಾಗಾಗಿ ಶುಗರ್ ಬಂದ ಮೇಲೆ ಸಿಹಿ ಬಿಟ್ಟಿದ್ದೇನೆ ಎಂದಾಗ ಯಾರೂ ನಂಬಲಿಲ್ಲ. ಅದೊಂದು ಮಾತು ಮಾತ್ರ ನಿಜವಾಗಿತ್ತು.

ಮಾತ್ರೆ ಹೆಚ್ಚಾದವು. ಶುಗರ್ ಇಳಿಯಲಿಲ್ಲ, ನಾನು ಇಳಿದೆ. ಪ್ಯಾಂಟು ಸೊಂಟದ ಮೇಲೆ ನಿಲ್ಲದಾಯಿತು. ಹೆಂಡತಿ ಅಂಗಿ ಒಗೆಯುವ ಮುನ್ನ ಜೇಬು ತಡಕಿ, ಮೂಸಿ ನೋಡುತ್ತಿದ್ದಳು. ಮಾರ್ಕೆಟ್ ರಸ್ತೆಯ ಸ್ವೀಟ್ ಅಂಗಡಿಯವನಿಗೆ ನನ್ನ ಫೋಟೊ ತೋರಿಸಿ ಬಂದಿದ್ದಳು. ಅವನು ನನಗೆ ಖಾರಾಬೂಂದಿ ಕೊಡುವುದನ್ನೂ ನಿಲ್ಲಿಸಿದ. ಎಲ್ಲೂ ಏನೂ ಸಿಗದಿದ್ದರೂ ಅನುಮಾನ ಮಾತ್ರ ಹೋಗಲಿಲ್ಲ. ನನ್ನ ಕೈಚಳಕದ ಮೇಲೆ ಅವಳಿಗೆ ಅಷ್ಟು ಗೌರವ.

ಕೊನೆಗೆ ಇಂದಿರಾನಗರದ ಡಾಕ್ಟರಮ್ಮ ಒಬ್ಬರು ಬೇರೆ ರಕ್ತಪರೀಕ್ಷೆ ಬರೆದುಕೊಟ್ಟರು. ರಿಪೋರ್ಟ್ ನೋಡಿ, ನನ್ನ ಮೈಯ ಕಾವಲು ಪಡೆಯೇ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಹೊಡೆದು ಹಾಕುತ್ತಿದೆ ಎಂದರು. ಈ ವಯಸ್ಸಿನವರಲ್ಲಿ ಕಾಣುವುದು ಕಡಿಮೆ ಎಂದೂ ಸೇರಿಸಿದರು. ನಾನು ಹೆಂಡತಿಯ ಕಡೆ ನೋಡಿದೆ.

ಅವಳು ಸುಲಭಕ್ಕೆ ಬಿಡುವವಳಲ್ಲ. ಆ ಜೀವಕೋಶಗಳು ಏನು ತಪ್ಪು ಮಾಡಿದವು ಎಂದು ಕೇಳಿದಳು. ಡಾಕ್ಟರಮ್ಮ ಬಿಡಿಸಿ ಹೇಳಿದರು: ತೊಂದರೆ ಬಂದಾಗ ಆ ಕೋಶವೇ ಕೂಗು ಹಾಕುತ್ತದೆ, ಅದರಿಂದ ಉರಿಯೂತ. ಕೋಶದೊಳಗೆ ಕಿಣ್ವಗಳಿರುತ್ತವೆ. ಕೆಲವು ಆ ಕೂಗನ್ನು ಜೋರು ಮಾಡುತ್ತವೆ, ಕೆಲವು ಸಾಕು ಎಂದು ತಗ್ಗಿಸುತ್ತವೆ. ತಗ್ಗಿಸುವವು ಸೋತರೆ ಕೂಗು ನಿಲ್ಲುವುದಿಲ್ಲ, ಕಾವಲು ಪಡೆ ಬಂದು ಕೂಗಿದವನಿಗೇ ಬಾರಿಸುತ್ತದೆ. ಕಿಣ್ವಗಳನ್ನು ಹತೋಟಿಗೆ ತರುವ ಮದ್ದನ್ನು ಇನ್ನೂ ಹುಡುಕುತ್ತಿದ್ದಾರಂತೆ. ನಾನು ಸದ್ಯಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು.

ಹೆಂಡತಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ಅಂದ್ರೆ ಡಾಕ್ಟ್ರೇ, ಇವ್ರನ್ನ ಇವ್ರ ಮೈಯೇ ನಂಬ್ತಿಲ್ಲ."

"ಹೆಚ್ಚೂಕಮ್ಮಿ ಹಂಗೇ."

"ಮತ್ತೆ ಸ್ವೀಟು?"

"ಸ್ವೀಟಿಂದ ಬಂದಿದ್ದಲ್ಲಮ್ಮ ಇದು. ಯಜಮಾನ್ರು ಹೇಳಿದ್ದು ನಿಜಾನೇ ಇರ್ಬೇಕು."

ಆಟೋ ಮನೆ ಹತ್ತಿರ ಬಂದಾಗ, "ರೀ, ನಿಮಗೆ ನಿಜ ಹೇಳಿ ಅಭ್ಯಾಸ ಇದ್ದಿದ್ರೆ ನಾನೂ ನಂಬ್ತಿದ್ದೆ," ಎಂದಳು. ಅದು ಅವಳು ಕ್ಷಮೆ ಕೇಳುವ ರೀತಿ.

ಮಾರನೆಯ ದಿನ, ಮೊಮ್ಮಗಳು ತಿಂದು ಬಿಸಾಡಿದ ಚಾಕೊಲೇಟ್ ಕಾಗದವನ್ನು ನನ್ನ ಬಿಳಿ ಅಂಗಿಯ ಜೇಬಿನಲ್ಲಿಟ್ಟು ಬಾಗಿಲ ಸಂದಿಯಲ್ಲಿ ಕಾದು ನಿಂತೆ. ಅವಳು ಜೇಬು ಮುಟ್ಟಲೇ ಇಲ್ಲ. ಅಂಗಿ ಹಾಗೆಯೇ ವಾಷಿಂಗ್ ಮೆಷಿನ್ನಿಗೆ ಹೋಯಿತು. ಆ ಕಂದು ಕಲೆ ಇವತ್ತಿಗೂ ಬಿಟ್ಟಿಲ್ಲ. ಆ ಅಂಗಿಯನ್ನೇ ಹಾಕಿಕೊಂಡು ಓಡಾಡುತ್ತೇನೆ.