ಗಂಜಿ ಉಂಡ ಮೇಲಿನ ಅಂತರಿಕ್ಷ

ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕೊತಕೊತ ಕುದಿಯುತ್ತಿದೆ. ಅದರ ಪರಿಮಳ ಅಡುಗೆಮನೆಯ ಹೊಸ್ತಿಲು ದಾಟಿ ಕಂಪ್ಯೂಟರ್ ಇಟ್ಟ ಮೇಜಿನವರೆಗೂ ಬಂದಿದೆ. ಪರದೆಯ ಮೇಲೆ ಮೂರು ಅಂತರಿಕ್ಷ ನೌಕೆಗಳು ಸಾಲಾಗಿ ನಿಂತಿವೆ. ಮೂರೂ ಬೇರೆ ಬೇರೆ ಆಟಗಳು, ಅವುಗಳಲ್ಲಿ ಒಂದನ್ನು ನಾನು ಕೊಳ್ಳಬೇಕು. ಮೂಡಬಿದ್ರೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ, ಸಂಜೆಯಾದರೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ಪ್ರಾಯದ ಹೆಂಗಸಿಗೆ ವಿಡಿಯೋ ಗೇಮಿನ ಹುಚ್ಚು ಯಾಕೆ ಎಂದು ನೀವು ಕೇಳಬಹುದು. ಕೇಳಿ, ನನಗೆ ಬೇಸರವಿಲ್ಲ. ಆದರೆ ಉತ್ತರಕ್ಕಿಂತ ಮೊದಲು ನಾರಾವಿಯ ಮಾವನ ವಿಷಯ ಹೇಳಬೇಕು. ಈ ಹೊತ್ತಿನಲ್ಲಿ ನಾನು ಗಂಜಿ ಇಟ್ಟದ್ದೇ ಅವರ ಮಾತು ನೆನಪಾಗಿ.

ಮಾವ ಎಂದರೆ ಅಮ್ಮನ ಅಣ್ಣ. ತಾಯಿಯ ಕಡೆಯಿಂದ ವಂಶ ನಡೆಯುವ ನಮ್ಮ ಕಡೆಯ ಅಳಿಯಕಟ್ಟಿನ ಮನೆಗಳಲ್ಲಿ ಅಪ್ಪನ ಮಾತಿಗಿಂತ ಮಾವನ ಮಾತಿಗೆ ತೂಕ ಹೆಚ್ಚು. ಮನೆಗೆ ಒಂದು ಬಕೆಟ್ ಬರಬೇಕಾದರೂ ಮಾವ ನೋಡಿ ಹೂಂ ಅನ್ನಬೇಕು. ಮಾವನೋ, ಯಾವ ವಸ್ತುವನ್ನೂ ಮೂರು ಪೇಟೆಗಳಲ್ಲಿ ನೋಡದೆ ಕೊಂಡವರಲ್ಲ. ಬೆಳ್ತಂಗಡಿಯಲ್ಲಿ ಒಮ್ಮೆ, ಬಂಟ್ವಾಳದಲ್ಲಿ ಒಮ್ಮೆ, ಮೂಡಬಿದ್ರೆಯಲ್ಲಿ ಒಮ್ಮೆ. ಅಮ್ಮನಿಗೆ ಮಿಕ್ಸಿ ತರಲು ಹೊರಟ ದಿನ ನಾನೂ ಅವರ ಜೊತೆಗಿದ್ದೆ. ಮಾವನ ಕೈಯಲ್ಲಿ ಒಂದು ಸ್ಟೀಲಿನ ಡಬ್ಬ. ಒಳಗೆ ನೆನೆಹಾಕಿದ ಅಕ್ಕಿ, ಉದ್ದು. ಮಿಕ್ಸಿಯ ಯೋಗ್ಯತೆ ಅದು ಮಾಡುವ ಸದ್ದಿನಲ್ಲಿಲ್ಲ, ಅರೆದ ಹಿಟ್ಟಿನಲ್ಲಿದೆ ಎಂಬುದು ಅವರ ಸಿದ್ಧಾಂತ. ಪ್ರತಿ ಅಂಗಡಿಯಲ್ಲೂ ಒಂದೊಂದು ಹಿಡಿ ಹಾಕಿ ಅರೆಸಿ, ಎರಡು ಬೆರಳಿನಲ್ಲಿ ತಿಕ್ಕಿ ನೋಡಿ, ಹಿಟ್ಟನ್ನು ಅದೇ ಡಬ್ಬಕ್ಕೆ ಸುರಿದುಕೊಂಡು, ‘ನಾವು ಮತ್ತೆ ಬರ್ತೇವೆ’ ಎಂದು ಇಳಿದುಬಿಡುವರು. ಬಸ್ಸಿನ ಸೆಕೆಗೆ, ಮೂರನೆಯ ಪೇಟೆ ಮುಟ್ಟುವಷ್ಟರಲ್ಲಿ ಡಬ್ಬದೊಳಗಿನದು ಹುಳಿ ಬಂದು ಉಬ್ಬಿತ್ತು. ಮೂಡಬಿದ್ರೆಯ ಅಂಗಡಿಯವರು ಮುಚ್ಚಳ ತೆಗೆದವರೇ ಮೂಗು ಹಿಂದೆಗೆದು, ‘ಇದಕ್ಕೆ ಮಿಕ್ಸಿ ಬೇಡ ಧನಿಗಳೇ, ಕಾವಲಿ ಸಾಕು. ದೋಸೆ ಹೊಯ್ಯುವ’ ಅಂದರು. ನಾನು ನಾಚಿಕೆಯಿಂದ ಫ್ಯಾನುಗಳ ಹಿಂದೆ ಅಡಗಿದೆ. ಮಾವ ಮಾತ್ರ ಅವರ ಜೊತೆ ಸೇರಿ ನಕ್ಕರು.

ಅಲ್ಲೇ ಕೊಂಡರೇ? ಇಲ್ಲ. ಬರಿಗೈಯಲ್ಲಿ ಮನೆಗೆ ಬಂದು, ಕಾಲು ತೊಳೆದು, ಗಂಜಿಗೆ ಕುಳಿತರು. ‘ಪೇಟೆಯಲ್ಲಿ ತೀರ್ಮಾನ ಮಾಡ್ಬಾರ್ದು ಮಗಾ. ಪೇಟೆಯಲ್ಲಿ ಎಲ್ಲವೂ ಬೇಕು ಅಂತ ಕಾಣ್ತದೆ. ಮನೆಗೆ ಬಂದು ಗಂಜಿ ಉಣ್ಬೇಕು. ಹೊಟ್ಟೆ ತುಂಬಿದ ಮೇಲೂ ಯಾವುದು ನೆನಪಾಗ್ತದಾ, ಅದು ನಮಗೆ ಆಗುವಂಥದ್ದು’ ಎಂದರು. ಮರುದಿನ ಹೋಗಿ ತಂದ ಆ ಮಿಕ್ಸಿ ಮಾವನಿಗಿಂತ ಹೆಚ್ಚು ಕಾಲ ಬದುಕಿತು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇವರು, ಅಂದರೆ ನನ್ನ ಯಜಮಾನರು, ಗಲ್ಫಿನಲ್ಲಿ ಏಸಿ ರಿಪೇರಿಯ ಕಂಪೆನಿಯೊಂದರಲ್ಲಿದ್ದಾರೆ. ‘ಇನ್ನೊಂದು ವರ್ಷ’ ಎಂದು ಪ್ರತಿ ರಜೆಯಲ್ಲೂ ಹೇಳಿ ಹೋಗುತ್ತಾರೆ. ಆ ಒಂದು ವರ್ಷ ರಬ್ಬರಿನಂತೆ ಎಳೆದಷ್ಟೂ ಬರುತ್ತದೆ. ದಿನಾ ಫೋನು ಮಾಡುತ್ತಾರೆ, ಅದರಲ್ಲಿ ಲೋಪವಿಲ್ಲ. ‘ವಣಸ್ ಆಂಡಾ?’ ತುಳುವಿನಲ್ಲಿ ಊಟ ಆಯಿತಾ ಎಂದು. ಆಯಿತು, ನಿಮ್ಮದು? ನಂದೂ ಆಯಿತು. ಎಂತ ಪದಾರ್ಥ? ಬಸಳೆ. ಸರಿ ಹಾಗಾದರೆ, ಇಡ್ತೇನೆ. ಜಗಳವಿಲ್ಲ, ಮುನಿಸಿಲ್ಲ, ಮಾತೇ ಇಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಇದಕ್ಕೆ. ಇವರು ಬಾರದೆ ಹೋದರೆ ಎಂಬುದಕ್ಕಿಂತ, ಬಂದ ಮೇಲೆ ಇಬ್ಬರೂ ಎದುರೆದುರು ಕುಳಿತು, ಊಟದ ವಿಷಯ ಮುಗಿದ ಕೂಡಲೇ ಗೋಡೆ ನೋಡುವಂತಾದರೆ?

ಅಂಥದ್ದರಲ್ಲಿ ಒಂದು ದಿನ ಬಸಳೆಯ ನಂತರವೂ ಇವರು ಫೋನು ಇಡಲಿಲ್ಲ. ‘ಮಾರಾಯ್ತಿ, ನಮ್ಮ ರೂಮಿನವ ಒಬ್ಬ ಕಂಪ್ಯೂಟರಿನಲ್ಲಿ ರಾಕೆಟ್ ಬಿಡ್ತಾನೆ. ಅದರಲ್ಲಿ ಇಬ್ರು ಒಂದೇ ನೌಕೆಯಲ್ಲಿ ಕೂತ್ಕೊಳ್ಬಹುದಂತೆ. ನಾನು ಇಲ್ಲಿಂದ, ನೀನು ಅಲ್ಲಿಂದ. ನೋಡುವನಾ?’

‘ನಮ್ಮ ಪ್ರಾಯಕ್ಕಾ?’ ಎಂದು ನಕ್ಕೆ. ನಕ್ಕೆನಾದರೂ ಅಂದೇ ಹುಡುಕಲು ಕುಳಿತೆ. ನಾರಾವಿಯ ಮಾವನ ಸೋದರಸೊಸೆ ಒಂದನ್ನು ನೋಡಿ ಕೊಳ್ಳುವುದುಂಟೇ? ಕೊಳ್ಳುವ ಮೊದಲು ಸ್ವಲ್ಪ ಭಾಗವನ್ನು ಪುಕ್ಕಟೆ ಆಡಲು ಕೊಡುವ ಮೂರು ಆಟಗಳನ್ನು ಆರಿಸಿದೆ. ಶುಕ್ರವಾರ ಇವರಿಗೆ ರಜೆ. ಶುಕ್ರವಾರದ ಸಂಜೆಗೆ ಒಂದೊಂದು ಪೇಟೆ ಎಂದು ಹೊರಟೆವು.

ಮೊದಲನೆಯದು ಕಣ್ಣಿಗೆ ಹಬ್ಬ. ನೇರಳೆ ಬಣ್ಣದ ಸಮುದ್ರ, ಎರಡೆರಡು ಸೂರ್ಯ, ಆರು ಕಾಲಿನ ಮೊಲ. ಎಲ್ಲಿಗೆ ಬೇಕಾದರೂ ಹೋಗಬಹುದು. ಇವರು ಒಂದು ಗ್ರಹಕ್ಕೆ ಹೋದರು, ನಾನು ಮೊಲದ ಹಿಂದೆ ಇನ್ನೊಂದಕ್ಕೆ ಹೋದೆ. ಬಹಳ ಹೊತ್ತಿನ ಮೇಲೆ ‘ನೀವು ಎಲ್ಲಿದ್ದೀರಿ?’ ಎಂದು ಕೇಳಿದಾಗಲೇ ನಾವು ಒಂದು ಮಾತೂ ಆಡಿಲ್ಲವೆಂದು ಗೊತ್ತಾದದ್ದು. ಇದಕ್ಕೆ ಅಂತರಿಕ್ಷ ಯಾಕೆ, ಫೋನೇ ಸಾಕಿತ್ತು.

ಎರಡನೆಯದರಲ್ಲಿ ವ್ಯಾಪಾರ. ಒಂದು ನಿಲ್ದಾಣದಲ್ಲಿ ಸಾಮಾನು ಹೇರಿ ಇನ್ನೊಂದರಲ್ಲಿ ಇಳಿಸಬೇಕು. ಇಳಿಯಲು ಅಪ್ಪಣೆ ಕೇಳಬೇಕು, ಸರದಿಯಲ್ಲಿ ಕಾಯಬೇಕು. ಇವರು ಎರಡು ಸಲ ಹೇರಿ ಇಳಿಸಿ ನಿಟ್ಟುಸಿರು ಬಿಟ್ಟರು. ‘ಏಸಿ ಹೇರುವುದು, ಇಳಿಸುವುದು, ಗೇಟಿನಲ್ಲಿ ಕಾಯುವುದು, ಇದೇ ಕೆಲಸ ಅಲ್ವಾ ನಾನು ವಾರವಿಡೀ ಮಾಡುವುದು? ರಜೆಯಲ್ಲಿ ಸಹ ಡ್ಯೂಟಿಯಾ?’

ಮೂರನೆಯದು ನೋಡಲಿಕ್ಕೆ ಏನೂ ಇಲ್ಲ. ನೌಕೆಯೋ ತೆಂಗಿನೆಣ್ಣೆಯ ಡಬ್ಬಿ. ಆದರೆ ಎಲ್ಲವೂ ನಿಜದ ಲೆಕ್ಕದಂತೆ ನಡೆಯುವ ಆಟ. ಬ್ರೇಕ್ ಇಲ್ಲ. ನಿಲ್ಲಬೇಕಾದರೆ ನೌಕೆಯನ್ನು ಹಿಂದುಮುಂದು ತಿರುಗಿಸಿ ಇಂಜಿನ್ ಉರಿಸಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಎತ್ತರ, ವೇಗ ನೋಡಿ ಹೇಳುತ್ತಿರಬೇಕು. ಚಂದ್ರನ ಮೇಲೆ ಇಳಿದು ಭೂಮಿಗೆ ಮರಳಿದರೆ ಗೆದ್ದಂತೆ.

ಹೊರಡುವ ಮೊದಲು ಸಾಮಾನು ತುಂಬುವ ಕೆಲಸವನ್ನು ಇವರು ವಹಿಸಿಕೊಂಡರು. ಗಲ್ಫಿನವರು ಊರಿಗೆ ಬರುವಾಗ ಪೆಟ್ಟಿಗೆ ಕಟ್ಟುವುದನ್ನು ನೀವು ನೋಡಿರಬೇಕು. ವಿಮಾನದವರು ಎಷ್ಟು ತೂಕಕ್ಕೆ ಬಿಡುತ್ತಾರೋ ಅಷ್ಟೂ ತುಂಬಲೇಬೇಕು. ಒಂದು ಸಾಬೂನಿನ ಜಾಗ ಉಳಿದರೂ ಜೀವಕ್ಕೆ ಸಮಾಧಾನವಿಲ್ಲ. ಅದೇ ಕೈ ಇಲ್ಲಿಯೂ ಓಡಿತು. ಯಾವ ಯಂತ್ರ ಯಾಕೆಂದು ತಿಳಿಯದಿದ್ದರೂ ಇವರು ಡಬ್ಬಿಯ ಕಂಠದವರೆಗೆ ತುಂಬಿಸಿದರು.

ಚಂದ್ರ ಹತ್ತಿರವಾದಂತೆ ನನಗೆ ಕಲಿತ ಗಣಿತವೆಲ್ಲ ಮರೆತುಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಸುವ ಕಂಡಕ್ಟರನ ಹಾಗೆ ‘ಬರ್ಲಿ, ಬರ್ಲಿ… ಸ್ವಲ್ಪ ಎಡಕ್ಕೆ… ಬರ್ಲಿ’ ಎಂದು ಕೂಗತೊಡಗಿದೆ.

‘ಎಷ್ಟು ದೂರ ಉಂಟು ಹೇಳು ಮಾರಾಯ್ತಿ! ಸುಮ್ನೆ ಬರ್ಲಿ ಅಂದ್ರೆ ಎಲ್ಲಿಗೆ ಬರುವುದು?’

ಹೇಗೋ ಇಳಿದೆವು. ನಾನು ಚಪ್ಪಾಳೆ ತಟ್ಟಿದೆ. ಆಗ ಪರದೆಯ ಮೇಲೆ ಕೆಂಪಕ್ಷರ ಬಂತು. ಮರಳಲು ಇಂಧನ ಸಾಲದು.

‘ಎಂತ ಆಯ್ತು?’

‘ಭಾರ ಹೆಚ್ಚಾಯ್ತು. ಬರುವಾಗಲೇ ಎಲ್ಲ ಉರಿದು ಹೋಯ್ತು.’

‘ಅಷ್ಟೆಲ್ಲ ಯಾಕೆ ತುಂಬಿಸಿದ್ದು?’

‘ಜಾಗ ಇತ್ತಲ್ಲ,’ ಎಂದರು. ‘ಖಾಲಿ ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ.’

ಆಟ ಮುಗಿದಿತ್ತು. ಆದರೂ ಇಬ್ಬರೂ ಎದ್ದುಹೋಗಲಿಲ್ಲ. ಬೂದಿ ಬಣ್ಣದ ನೆಲದ ಮೇಲೆ ನಮ್ಮ ಡಬ್ಬಿ, ಮೇಲೆ ಕಿತ್ತಳೆಯಷ್ಟು ದೊಡ್ಡ ಭೂಮಿ. ಇವರು ಹಿತ್ತಿಲಿನ ಬಿಂಬುಳಿ ಮರ ಕಾಯಿ ಬಿಟ್ಟಿದೆಯೇ ಎಂದು ಕೇಳಿದರು. ನಾನು ಮಿಕ್ಸಿಯ ಕಥೆ ಹೇಳಿದೆ. ಇಷ್ಟು ವರ್ಷದಲ್ಲಿ ಅದನ್ನು ಇವರಿಗೆ ಹೇಳಿರಲೇ ಇಲ್ಲ. ದೋಸೆ ಹೊಯ್ಯುವ ಮಾತಿಗೆ ಇವರು ನಕ್ಕ ನಗು ಕೇಳಿ ನನ್ನ ಕಣ್ಣು ತುಂಬಿತು. ಊಟ ಆಯಿತಾ ಎಂದು ಕೇಳುವುದನ್ನು ಅಂದು ಇಬ್ಬರೂ ಮರೆತೆವು.

ಒಲೆಯ ಮೇಲಿನ ಗಂಜಿ ಬೆಂದಿತು. ಪರದೆ ಆರಿಸಿ, ಮಿಡಿ ಉಪ್ಪಿನಕಾಯಿ ಹಾಕಿಕೊಂಡು ಉಂಡೆ. ನೇರಳೆ ಸಮುದ್ರ ನೆನಪಿಗೆ ಬರಲಿಲ್ಲ. ನಿಲ್ದಾಣದ ಸರದಿಯೂ ಬರಲಿಲ್ಲ. ಬಂದದ್ದು ಚಂದ್ರನ ಮೇಲಿನ ಎಣ್ಣೆ ಡಬ್ಬಿ. ಕೈ ತೊಳೆದು ಫೋನು ಮಾಡಿದೆ.

‘ಮೂರನೆಯದ್ದು ತಗೊಳ್ಳುವ. ಆದರೆ ಇನ್ನು ಸಾಮಾನು ತುಂಬಿಸುವುದು ನಾನು.’

‘ಆಗ್ಲಿ,’ ಎಂದು ನಕ್ಕರು. ಇಡ್ತೇನೆ ಅನ್ನುತ್ತಾರೆಂದು ಕಾದೆ, ಇವರು ಮಾತು ಮುಂದುವರಿಸಿದರು. ‘ಆವತ್ತಿಂದ ಯೋಚನೆ ಮಾಡ್ತಾ ಇದ್ದೇನೆ. ಹಿಂದೆ ಬರ್ಲಿಕ್ಕೆ ಎಷ್ಟು ಬೇಕಾ ಅಷ್ಟು ಮೊದಲೇ ತೆಗೆದಿಡ್ಬೇಕು. ಮತ್ತೆ ಉಳಿದದ್ದು… ಅದಿರಲಿ. ಆ ಮೇಜಿನಲ್ಲಿ ಎರಡು ಕಂಪ್ಯೂಟರ್ ಹಿಡಿತದಾ?’

‘ಎರಡು ಯಾಕೆ?’

‘ಒಂದರಲ್ಲಿ ಇಬ್ರು ಆಡ್ಲಿಕ್ಕೆ ಆಗ್ತದಾ? ಮಳೆ ಹಿಡಿಯುವ ಮೊದಲು ಊರಿಗೆ ಹೋಗ್ತೇನೆ, ಇನ್ನು ಬರುವುದಿಲ್ಲ ಅಂತ ಇಲ್ಲಿ ಆಫೀಸಿನಲ್ಲಿ ಹೇಳಿ ಆಯ್ತು.’

ಎದ್ದು ಮೇಜಿನ ಹತ್ತಿರ ಹೋದೆ. ಮಕ್ಕಳ ಉತ್ತರಪತ್ರಿಕೆಗಳ ಕಟ್ಟು, ಇಸ್ತ್ರಿಪೆಟ್ಟಿಗೆ, ಮುಚ್ಚಳವಿಲ್ಲದ ಡಬ್ಬಗಳು. ಖಾಲಿ ಜಾಗ ಕಂಡಲ್ಲೆಲ್ಲ ನಾನೂ ಏನಾದರೊಂದು ತುಂಬಿಸಿಟ್ಟಿದ್ದೆ. ಒಂದೊಂದನ್ನೇ ತೆಗೆದು ನೆಲಕ್ಕಿಟ್ಟೆ. ಮರದ ಬಣ್ಣ ಕಂಡಿತು. ಗೇಣು ಹಾಕಿ ಅಳೆದೆ.

‘ಹಿಡಿತದೆ,’ ಅಂದೆ. ‘ಬರ್ಲಿ, ಬರ್ಲಿ.’